ಹಳೆ ಬಸ್ಸನ್ನು ಮನೆಬಸ್ಸು ಮಾಡಿಕೊಂಡವರಿಗೆ: ಬದಲಿ ಡೀಸೆಲ್ ಇಂಜಿನ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ ಹತ್ತಿರ ನಮ್ಮ ಮನೆ ಅಂಗಳದಲ್ಲಿ ಒಂದು ಹಳೆ ಟಾಟಾ ಬಸ್ಸು ನಿಂತಿದೆ. ಸೀಟು ಕಿತ್ತು ಮಂಚ, ಸಣ್ಣ ಅಡುಗೆಕಟ್ಟೆ, ನೀರಿನ ಟ್ಯಾಂಕ್ ಕೂರಿಸಿಕೊಂಡಿದ್ದೇವೆ. ಮನೆಯವರೆಲ್ಲ ಅದರಲ್ಲೇ ಗೋಕರ್ಣ, ಕಾರವಾರ, ಮುರುಡೇಶ್ವರ ಅಂತ ತಿರುಗುತ್ತೇವೆ. ಅದರ ಇಂಜಿನ್ ಎರಡು ಸಲ ಬದಲಾಯಿತು. ಮೊದಲ ಸಲ ತಪ್ಪಾಗಿ, ಎರಡನೇ ಸಲ ಸರಿಯಾಗಿ. ಆಮೇಲೆ ಈ ಕಡೆ ಯಾರು ಹಳೆ ಬಸ್ಸು ಕೊಂಡರೂ ಇವೇ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಎಲ್ಲವನ್ನೂ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇಂಜಿನ್ ಬದಲಾಯಿಸಲೇಬೇಕಾ? ಇದ್ದದ್ದನ್ನೇ ರಿಪೇರಿ ಮಾಡಿಸಿದರೆ ಆಗಲ್ವಾ?

ಬಹಳ ಸಲ ಆಗುತ್ತದೆ. ಮೊದಲು ಹೊಗೆ ನೋಡಿ. ಕಪ್ಪು ಹೊಗೆ ಬಂದರೆ ಡೀಸೆಲ್ ಜಾಸ್ತಿ ಹೋಗುತ್ತಿದೆ ಅಥವಾ ಗಾಳಿ ಸಾಲುತ್ತಿಲ್ಲ. ಅದು ನಾಝಲ್, ಪಂಪ್, ಏರ್ ಫಿಲ್ಟರ್‌ನಲ್ಲಿ ಮುಗಿಯುವ ಕೆಲಸ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ, ಇಲ್ಲವೇ ನೀರು ಒಳಗೆ ಹೋಗುತ್ತಿದೆ.

ಆಮೇಲೆ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗೆ ಗಾಳಿ ಎಷ್ಟು ಒತ್ತಡಕ್ಕೆ ಬರುತ್ತದೆ ಎಂದು ಚೆಕ್ ಮಾಡಿಸಿ. ಆರೂ ಸಿಲಿಂಡರ್ ಒಂದೇ ಸಮ ಸ್ವಲ್ಪ ಇಳಿದಿದ್ದರೆ ಅದು ವಯಸ್ಸು. ಒಂದೇ ಒಂದು ಸಿಲಿಂಡರ್ ಉಳಿದವುಗಳಿಗಿಂತ 10 ಪರ್ಸೆಂಟ್‌ಗೂ ಜಾಸ್ತಿ ಕೆಳಗಿದ್ದರೆ ಅಲ್ಲಿ ಏನೋ ಮುರಿದಿದೆ ಅಥವಾ ಸೋರುತ್ತಿದೆ. ಎರಡಕ್ಕೂ ರಿಪೇರಿ ಇದೆ.

ಬದಲಾಯಿಸಲೇಬೇಕಾದ ಸಂದರ್ಭ ಮೂರೇ. ಬ್ಲಾಕ್ ಸೀಳಿದ್ದರೆ. ಪಿಸ್ಟನ್ನುಗಳು ತಿರುಗಿಸುವ ಶಾಫ್ಟು, ಅಂದರೆ ಕ್ರ್ಯಾಂಕ್, ಈಗಾಗಲೇ ಕೊನೆಯ ಅಳತೆಗೆ ಗ್ರೈಂಡಿಂಗ್ ಆಗಿದ್ದರೆ. ಇಲ್ಲವೇ ಆ ಇಂಜಿನ್ನಿನ ಸಾಮಾನು ಹುಬ್ಬಳ್ಳಿಯಲ್ಲೂ ಸಿಗದಂತಾಗಿದ್ದರೆ. ಕ್ರ್ಯಾಂಕನ್ನು ಸಾಮಾನ್ಯವಾಗಿ 0.25 ಮಿ.ಮೀ. ಲೆಕ್ಕದಲ್ಲಿ ಇಳಿಸುತ್ತಾ ಹೋಗುತ್ತಾರೆ. ನಿಮ್ಮದು ಎಷ್ಟನೇ ಸಲದ್ದು ಎಂದು ಬೇರಿಂಗ್‌ನ ಬೆನ್ನ ಮೇಲಿನ ಗುರುತು ನೋಡಿದರೆ ಗೊತ್ತಾಗುತ್ತದೆ.

ಎಷ್ಟು ಹಾರ್ಸ್‌ಪವರ್ ಇಂಜಿನ್ ತಗೊಳ್ಳಲಿ? ನಮ್ಮದು ಘಾಟಿ ಊರು, ದೊಡ್ಡದೇ ಬೇಕಲ್ವಾ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಎಲ್ಲರೂ ತಪ್ಪುವುದೂ ಇಲ್ಲೇ. ಒಂದು ಲೆಕ್ಕ ಹಾಕೋಣ.

ನಿಮ್ಮ ಬಸ್ಸು ಹುಟ್ಟಿದ್ದು 50 ಜನರನ್ನು ಹೊರಲಿಕ್ಕೆ. ತಲೆಗೆ 65 ಕಿಲೋ ಹಿಡಿದರೂ 3,250 ಕಿಲೋ ಆಯಿತು. ಮೇಲಿಂದ ಅವರ ಚೀಲ, ಗೋಣಿ, ಬಾಳೆಗೊನೆ. ಈಗ ನೀವು ಹಾಕಿದ್ದೇನು? ಪ್ಲೈವುಡ್, ಹಾಸಿಗೆ, ಗ್ಯಾಸ್ ಸಿಲಿಂಡರ್, ಬ್ಯಾಟರಿ, 300 ಲೀಟರ್ ನೀರು ಅಂದರೆ 300 ಕಿಲೋ, ಐದಾರು ಜನ. ಹಾಸುಗಲ್ಲು ಕೂರಿಸದೇ ಇದ್ದರೆ ಎರಡು ಟನ್ ಮುಟ್ಟುವುದೂ ಕಷ್ಟ. ಸೀಟುಗಳ ತೂಕ ಬೇರೆ ಇಳಿದಿದೆ. ಅಂದರೆ ನಿಮ್ಮ ಬಸ್ಸು ಮೊದಲಿಗಿಂತ ಹಗುರಾಗಿದೆ. ನಂಬಿಕೆ ಬರದಿದ್ದರೆ ನೀರು, ಡೀಸೆಲ್ ತುಂಬಿಸಿ ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ ಬನ್ನಿ. ಇಂಜಿನ್ ಹುಡುಕುವ ಮೊದಲು ಮಾಡಬೇಕಾದ ಕೆಲಸ ಅದೇ.

ಇನ್ನು ಏರು. 10 ಟನ್ ಬಸ್ಸು, 100 ಮೀಟರಿಗೆ 7 ಮೀಟರ್ ಏರುವ ರಸ್ತೆ ಎಂದುಕೊಳ್ಳಿ. ಗೇರ್ ಬಾಕ್ಸ್, ಹೌಸಿಂಗ್‌ನಲ್ಲಿ (ಹಿಂಚಕ್ರ ತಿರುಗಿಸುವ ಆಕ್ಸಲ್ ಭಾಗ) ಕಳೆದುಹೋಗುವುದನ್ನೂ ಸೇರಿಸಿ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹತ್ತಲು ಸುಮಾರು 70 ಹಾರ್ಸ್‌ಪವರ್ ಸಾಕು. 120ರ ಇಂಜಿನ್ ಅದೇ ಏರನ್ನು 35ರ ಆಸುಪಾಸಿನಲ್ಲಿ ಹತ್ತುತ್ತದೆ. 180ರದ್ದು 50 ದಾಟಿಸುತ್ತದೆ. ಈಗ ಹೇಳಿ, ಶಿರಸಿ-ಕುಮಟಾ ರಸ್ತೆಯ ದೇವಿಮನೆ ಘಾಟಿಯ ತಿರುವುಗಳಲ್ಲಿ ಮನೆ ಮಂದಿಯನ್ನೆಲ್ಲ ಕೂರಿಸಿಕೊಂಡು 50ರಲ್ಲಿ ಹೋಗುವವರು ಯಾರು? ಆ 60 ಹಾರ್ಸ್‌ಪವರ್‌ಗೆ ಕೊಟ್ಟ ದುಡ್ಡು ಸುಮ್ನೆ ಬಾನೆಟ್ ಕೆಳಗೆ ಕೂತಿರುತ್ತದೆ.

ಕಂಪನಿ ಕೊಟ್ಟಷ್ಟೇ ಶಕ್ತಿ ನಿಮಗೂ ಸಾಕು. ಹಾರ್ಸ್‌ಪವರ್‌ಗಿಂತ ಕಡಿಮೆ ಆರ್‌ಪಿಎಂನಲ್ಲಿ ಎಷ್ಟು ಎಳೆತ ಇದೆ ಎಂದು ಕೇಳಿ. ತಿರುವಿನಲ್ಲಿ ನಿಧಾನವಾದ ಮೇಲೆ ಬಸ್ಸನ್ನು ಎತ್ತುವುದು ಅದೇ.

ಯಾವ ಇಂಜಿನ್ ಒಳ್ಳೆಯದು? ಒಂದು ಹೆಸರು ಹೇಳಿ.

ನಿಮ್ಮ ಬಸ್ಸಿನಲ್ಲಿ ಇದ್ದದ್ದೇ, ಅಥವಾ ಅದರ ಅಣ್ಣ ತಮ್ಮ. ಇದು ನುಣುಚಿಕೊಳ್ಳುವ ಉತ್ತರ ಅಲ್ಲ. ಎರಡು ಇಂಜಿನ್ ಹಾಕಿಸಿದ ಮೇಲೆ ನನಗೆ ಉಳಿದ ಅಭಿಪ್ರಾಯ ಇದೊಂದೇ.

ಹಳೆ ಟಾಟಾ ಬಸ್ಸುಗಳಲ್ಲಿ 692, 697 ಎಂಬ ಇಂಜಿನ್ನುಗಳಿವೆ. ಆ ಅಂಕಿಯಲ್ಲೇ ಅರ್ಥ ಇದೆ. 697 ಅಂದರೆ 6 ಸಿಲಿಂಡರ್, 97 ಮಿ.ಮೀ. ಬೋರ್, ಅಂದರೆ ಸಿಲಿಂಡರಿನ ಅಗಲ. ಅದರ ಸ್ಟ್ರೋಕ್, ಅಂದರೆ ಪಿಸ್ಟನ್ ಓಡಾಡುವ ದೂರ, 128 ಮಿ.ಮೀ., ಒಟ್ಟು 5,675 ಸಿಸಿ. 692ರ ಬೋರ್ 92. ಟಾಟಾದವರು 1954ರಲ್ಲಿ ಜರ್ಮನಿಯ ಮರ್ಸಿಡಿಸ್ ಬೆಂಝ್ ಜೊತೆ ಸೇರಿ ಲಾರಿ ಕಟ್ಟಲು ಶುರು ಮಾಡಿದವರು. ಆ ವಂಶದ ಇಂಜಿನ್ನುಗಳಿವು. ಸಣ್ಣ ಊರಿನ ಗ್ಯಾರೇಜಿನಲ್ಲೂ 697 ಬಿಚ್ಚಿ ಕೂಡಿಸಿದ ಕೈಗಳಿವೆ. ನನ್ನ ಬಸ್ಸಿನಲ್ಲಿ ಈಗ ಇರುವುದೂ ಅದೇ.

ಟಾಟಾ ಗಾಡಿಗಳ ಮಾಡೆಲ್ ನಂಬರನ್ನೂ ಓದಲು ಕಲಿಯಿರಿ. 1613 ಅಂದರೆ ಹೊರೆ ಸಮೇತ ಸುಮಾರು 16 ಟನ್, 130 ಹಾರ್ಸ್‌ಪವರ್. 1512 ಅಂದರೆ 15 ಟನ್, 120. ಗುಜರಿಯಲ್ಲಿ ಇಂಜಿನ್ ಯಾವ ಗಾಡಿಯಿಂದ ಇಳಿದದ್ದು ಎಂದು ಕೇಳಿದರೆ ಅರ್ಧ ವಿಷಯ ಅಲ್ಲೇ ಸಿಗುತ್ತದೆ.

ಟಾಟಾದಲ್ಲೇ ಕಮಿನ್ಸ್ 6ಬಿಟಿ ಬಂದ ಗಾಡಿಗಳೂ ಬೇಕಾದಷ್ಟಿವೆ. 102 ಬೋರ್, 120 ಸ್ಟ್ರೋಕ್, 5.9 ಲೀಟರ್, ಟರ್ಬೊ. ಬಹಳ ಗಟ್ಟಿ ಇಂಜಿನ್, ಎಳೆತ ಕೆಳಗಿನಿಂದಲೇ ಬರುತ್ತದೆ. ಆದರೆ ತೂಕ ನಾಲ್ಕು ಕ್ವಿಂಟಲ್‌ಗೂ ಮೇಲೆ. ಅದಕ್ಕೆ ಬೇರೆ ಲೈನರ್ (ಸಿಲಿಂಡರ್ ಒಳಗೆ ಕೂರಿಸುವ, ಸವೆದರೆ ಬದಲಿಸುವ ಕೊಳವೆ) ಇಲ್ಲ, ಬ್ಲಾಕಿನಲ್ಲೇ ಬೋರ್. ಸವೆದರೆ ಬೋರಿಂಗ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ನಿಮ್ಮದು ಮೊದಲೇ ಕಮಿನ್ಸ್ ಗಾಡಿ ಆಗಿದ್ದರೆ ಕಣ್ಣುಮುಚ್ಚಿ ಅದನ್ನೇ ಹಾಕಿಸಿ. 697 ಇದ್ದಲ್ಲಿ 6ಬಿಟಿ ಕೂರಿಸುವ ಆಸೆ ಇದ್ದರೆ ಮುಂದಿನ ಪ್ರಶ್ನೆಗಳನ್ನೆಲ್ಲ ಓದಿ ಆಮೇಲೆ ತೀರ್ಮಾನ ಮಾಡಿ.

ಲೇಲ್ಯಾಂಡ್ ಬಸ್ಸಿನವರಿಗೂ ಇದೇ ಮಾತು. ಜಪಾನಿನ ಹಿನೊ ಮೂಲದ ಇಂಜಿನ್ ಇದ್ದರೆ ಹಿನೊ ಮೂಲದ್ದೇ ಹುಡುಕಿ.

ಬಂದರಿನಲ್ಲಿ ಬೋಟಿನ ಇಂಜಿನ್ ಅಗ್ಗಕ್ಕೆ ಸಿಗುತ್ತದೆ. ಹಾಕಬಹುದಾ?

ಬೇಡ. ನಾನು ಮಾಡಿದ ತಪ್ಪು ಇದೇ.

ಬೈತಖೋಲ್, ತದಡಿ, ಹೊನ್ನಾವರ, ಭಟ್ಕಳ, ಎಲ್ಲಿ ಮೀನು ಬೋಟುಗಳಿವೆಯೋ ಅಲ್ಲಿ ಹಳೆ ಇಂಜಿನ್ ಮಾರಾಟಕ್ಕೆ ಇರುತ್ತದೆ. ಕೆಲವು ನೋಡಲಿಕ್ಕೆ ನಮ್ಮ ಲಾರಿ ಇಂಜಿನ್ ಥರವೇ ಇರುತ್ತವೆ. ನನಗೆ ಮಾರಿದವರು ಚೆಂದ ಹಸಿರು ಬಣ್ಣ ಹೊಡೆದಿದ್ದರು. ಸ್ಟಾರ್ಟ್ ಮಾಡಿ ತೋರಿಸಿದರು, ಗಡಿಯಾರದ ಹಾಗೆ ಓಡಿತು. ಎರಡು ತಿಂಗಳಿಗೆ ಘಾಟಿಯಲ್ಲಿ ಟೆಂಪರೇಚರ್ ಮುಳ್ಳು ಮೇಲೆ ಹೋಯಿತು. ರಾಗಿಹೊಸಳ್ಳಿ ಹತ್ತಿರ ಬದಿಗೆ ನಿಲ್ಲಿಸಿ, ತಣ್ಣಗಾಗುವವರೆಗೆ ಕಾದು, ಹೇಗೋ ಮನೆ ಮುಟ್ಟಿಸಿದೆವು.

ಮಾರನೇ ದಿನ ಮೇಸ್ತ್ರಿ ಥರ್ಮೋಸ್ಟಾಟ್ ಮನೆಯ ಮುಚ್ಚಳ ಬಿಚ್ಚಿದರು. ಒಳಗೆ ಬೆರಳು ಹಾಕಿ ಕೆರೆದರು. ಉಗುರಿನ ಸಂದಿಯಲ್ಲಿ ಬೂದು ಬಿಳಿ ಪುಡಿ ಬಂತು, ಹಳೇ ಕೊಡದ ತಳದಲ್ಲಿ ಕಟ್ಟುವ ಕರೆಯ ಹಾಗೆ. ಹೆಡ್ ಎತ್ತಿ ನೋಡಿದರೆ ನೀರಿನ ದಾರಿಗಳೆಲ್ಲ ಅರ್ಧಕ್ಕರ್ಧ ಕಟ್ಟಿಕೊಂಡಿದ್ದವು. ತುಕ್ಕು ತಿಂದು ಅಂಚುಗಳು ಜೇನುಗೂಡಾಗಿದ್ದವು. ಉಪ್ಪುನೀರು ಯಾವತ್ತೋ ಒಳಗೆ ಹರಿದಿತ್ತು. ಆ ಬ್ಲಾಕ್ ಉಳಿಯಲಿಲ್ಲ.

ಉಪ್ಪು ತಾಗದ ಬೋಟಿನ ಇಂಜಿನ್ ಸಿಕ್ಕಿದರೂ ತೊಂದರೆ ತಪ್ಪಲ್ಲ. ಅದರ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೇರೆ, ನೀರು ತಣಿಸುವ ಏರ್ಪಾಡು ಬೇರೆ. ಗಾಳಿ ಕಂಪ್ರೆಸರ್, ಸ್ಟೇರಿಂಗ್ ಪಂಪ್ ಇರುವುದಿಲ್ಲ. ಜನರೇಟರ್ ಇಂಜಿನ್ ಕೂಡ ಹಾಗೇ. ಅದನ್ನು 1,500 ಆರ್‌ಪಿಎಂನಲ್ಲಿ ಒಂದೇ ಸಮ ಓಡಲು ಹೊಂದಿಸಿರುತ್ತಾರೆ. ವೇಗ ಹಿಡಿತದಲ್ಲಿಡುವ ಗವರ್ನರ್, ಪಂಪ್ ಎಲ್ಲ ಬದಲಾಗಬೇಕು.

ಬಿಎಸ್ 4 ಗಾಡಿಯ ಕಾಮನ್ ರೈಲ್ ಇಂಜಿನ್ ಹಾಕಿದರೆ ಮೈಲೇಜ್ ಬರುತ್ತದಂತೆ?

ಬರಬಹುದು. ಬಿಎಸ್ 4, ಬಿಎಸ್ 6 ಅಂದರೆ ಹೊಗೆಗೆ ಸರ್ಕಾರ ಹಾಕಿದ ಮಿತಿಯ ಹಂತಗಳು; ಕಾಮನ್ ರೈಲ್ ಅಂದರೆ ಡೀಸೆಲ್ ಚಿಮ್ಮಿಸುವುದನ್ನು ಕಂಪ್ಯೂಟರ್ ನೋಡಿಕೊಳ್ಳುವ ಇಂಜಿನ್. ಆದರೆ ಅದರ ಜೊತೆ ಇಸಿಯು ಎಂಬ ಆ ಕಂಪ್ಯೂಟರ್, ಪೂರ್ತಿ ವೈರಿಂಗ್, ಸೆನ್ಸರುಗಳು, ಎಲೆಕ್ಟ್ರಾನಿಕ್ ಪೆಡಲ್ ಎಲ್ಲ ಬರಬೇಕು. ಒಂದು ವೈರಿನ ತುದಿ ಹಸಿರುಗಟ್ಟಿದರೂ ಗಾಡಿ ನಿಲ್ಲುತ್ತದೆ. ನಮ್ಮ ಕರಾವಳಿ ಗಾಳಿಯಲ್ಲಿ ವೈರು ಹಸಿರುಗಟ್ಟದೇ ಇರುವುದುಂಟಾ? ಬಿಎಸ್ 6 ಇಂಜಿನ್ ಅಂತೂ ಹೊಗೆ ಶುದ್ಧ ಮಾಡುವ ದೊಡ್ಡ ಸಂಸಾರವನ್ನೇ ಹೊತ್ತು ಬರುತ್ತದೆ. ಹಳೆ ಬಸ್ಸಿಗೆ ಮೆಕ್ಯಾನಿಕಲ್ ಪಂಪಿನ ಇಂಜಿನ್ನೇ ಸರಿ. ನಮ್ಮವರು ಇವತ್ತಿಗೂ ಮೈಕೋ ಪಂಪ್ ಎನ್ನುವುದು ಅದಕ್ಕೇ. ಆ ಪಂಪ್ ಮಾಡುವ ಬಾಷ್ ಕಂಪನಿಗೆ ಇಲ್ಲಿ 2008ರವರೆಗೆ ಮೈಕೋ ಎಂದೇ ಹೆಸರಿತ್ತು. ಪಂಪ್ ಕೆಟ್ಟರೆ ಬಿಚ್ಚಿ, ಬೆಂಚಿನ ಮೇಲೆ ಟೆಸ್ಟ್ ಮಾಡಿ ವಾಪಸ್ ಕೊಡುವವರು ಇದ್ದಾರೆ.

ಬೇರೆ ಇಂಜಿನ್ ಹಾಕಿದರೆ ಗೇರ್ ಬಾಕ್ಸ್, ಹೌಸಿಂಗ್ ಹೊಂದುತ್ತಾ?

ಅಳತೆ ಹಿಡಿದೇ ಹೇಳಬೇಕು. ಫ್ಲೈವೀಲ್ ಹೌಸಿಂಗಿನ ಬೋಲ್ಟ್ ತೂತುಗಳು, ಕ್ಲಚ್ ಪ್ಲೇಟಿನ ವ್ಯಾಸ, ಗೇರ್ ಬಾಕ್ಸ್ ಶಾಫ್ಟಿನ ಹಲ್ಲುಗಳು, ಪೈಲಟ್ ಬೇರಿಂಗ್, ಈ ನಾಲ್ಕು ಕೂಡಿದರೆ ಅರ್ಧ ಗೆದ್ದಂತೆ. ಕೂಡದಿದ್ದರೆ ಲೇತಿನಲ್ಲಿ ಅಡಾಪ್ಟರ್ ಪ್ಲೇಟ್ ಮಾಡಿಸಬೇಕು. ಅದರ ನಡು ಕೂದಲೆಳೆ ತಪ್ಪಿದರೂ ಕ್ಲಚ್, ಬೇರಿಂಗ್ ಬೇಗ ಹೋಗುತ್ತವೆ. ಇಂಜಿನ್ ಉದ್ದ ಬದಲಾದರೆ ಪ್ರೊಪೆಲ್ಲರ್ ಶಾಫ್ಟ್ ಕತ್ತರಿಸಿ, ಬ್ಯಾಲೆನ್ಸ್ ಮಾಡಿಸಿ ಹಾಕಬೇಕು.

ಜನ ಮರೆಯುವುದು ಕ್ರೌನ್ ಪಿನಿಯನ್, ಅಂದರೆ ಹಿಂದಿನ ಹೌಸಿಂಗ್ ಒಳಗಿನ ಹಲ್ಲುಚಕ್ರದ ಜೋಡಿ. ಹಲ್ಲು 41ಕ್ಕೆ 6 ಇದ್ದರೆ ಅನುಪಾತ 6.83. ಚಕ್ರ ಒಂದು ಸುತ್ತಿಗೆ 3.1 ಮೀಟರ್ ಹೋಗುತ್ತದೆ ಎಂದುಕೊಂಡರೆ, ಟಾಪ್ ಗೇರಿನಲ್ಲಿ 60 ಕಿ.ಮೀ. ವೇಗಕ್ಕೆ ಇಂಜಿನ್ 2,200 ಆರ್‌ಪಿಎಂ ತಿರುಗಬೇಕು. ನೀವು ತಂದ ಇಂಜಿನ್ 2,500ಕ್ಕೆ ಮುಗಿಯುವಂಥದ್ದಾದರೆ ಹೆದ್ದಾರಿ 66ರಲ್ಲಿ 68 ದಾಟುವುದಿಲ್ಲ. ನನಗೆ ಅಷ್ಟೇ ಸಾಕು. ನಿಮಗೆ ಸಾಲದಿದ್ದರೆ ಮೊದಲೇ ಲೆಕ್ಕ ಹಾಕಿ.

ಬ್ರೇಕಿಗೂ ಇಂಜಿನ್ನಿಗೂ ಏನು ಸಂಬಂಧ?

ದಯವಿಟ್ಟು ಇದೊಂದನ್ನು ನಿಧಾನವಾಗಿ ಓದಿ.

ಏರ್ ಬ್ರೇಕ್ ಬಸ್ಸಿನಲ್ಲಿ ಗಾಳಿ ತುಂಬುವ ಕಂಪ್ರೆಸರನ್ನು ಇಂಜಿನ್ನೇ ಓಡಿಸುತ್ತದೆ. ಬದಲಿ ಇಂಜಿನ್ನಿನಲ್ಲಿ ಕಂಪ್ರೆಸರ್ ಇಲ್ಲದಿದ್ದರೆ, ಇದ್ದದ್ದು ಸಣ್ಣದಾದರೆ, ಅಥವಾ ಸವೆದು ಗಾಳಿಯ ಜೊತೆ ಆಯಿಲ್ ತಳ್ಳುತ್ತಿದ್ದರೆ, ನಿಮ್ಮ ಬ್ರೇಕು ನಿಮ್ಮದಲ್ಲ. ಘಾಟಿ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ಒತ್ತುತ್ತೀರಿ. ಪ್ರತಿ ಸಲ ಗಾಳಿ ಖರ್ಚಾಗುತ್ತದೆ. ಇಂಜಿನ್ ಆಗ ಕಡಿಮೆ ಆರ್‌ಪಿಎಂನಲ್ಲಿದ್ದರೆ ತುಂಬುವುದೂ ನಿಧಾನ.

ಇನ್ನೊಂದು, ಎಕ್ಸಾಸ್ಟ್ ಬ್ರೇಕ್. ಹಳೆ ಡೀಸೆಲ್ ಇಂಜಿನ್ನಿಗೆ ಪೆಟ್ರೋಲ್ ಗಾಡಿಯ ಹಾಗೆ ಗಾಳಿಗೆ ಕದ ಇಲ್ಲ. ಅದಕ್ಕೇ ಆಕ್ಸಿಲರೇಟರ್ ಬಿಟ್ಟರೂ ಅದು ಗಾಡಿಯನ್ನು ಅಷ್ಟಾಗಿ ಹಿಡಿಯುವುದಿಲ್ಲ. ಹೊಗೆ ಕೊಳವೆಯಲ್ಲಿ ಒಂದು ಕದ ಮುಚ್ಚಿದರೆ ಇಂಜಿನ್ ತನ್ನ ಉಸಿರನ್ನೇ ತಳ್ಳಲು ಒದ್ದಾಡಿ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕ್ ಡ್ರಮ್ ತಣ್ಣಗಿರುತ್ತದೆ. ನಿಮ್ಮ ಬಸ್ಸಿನಲ್ಲಿ ಅದು ಇದ್ದರೆ ಹೊಸ ಇಂಜಿನ್ನಿಗೂ ಹಾಕಿಸಿ. ಟರ್ಬೊ ಇಂಜಿನ್ ಆದರೆ ಆ ಕದ ಟರ್ಬೊ ದಾಟಿದ ಮೇಲೆ ಬರಬೇಕು. ವಾಲ್ವ್ ಸ್ಪ್ರಿಂಗ್ ಆ ಒತ್ತಡ ತಡೆಯುತ್ತದಾ ಎಂದೂ ನೋಡಿಸಿ.

ನಾನು ದೊಡ್ಡ ಇಂಜಿನ್ ಬೇಕು ಎಂದು ಹಟ ಹಿಡಿದಾಗ ನಮ್ಮ ಮೇಸ್ತ್ರಿ ಹೇಳಿದ್ದು ಒಂದೇ ಮಾತು: "ಮೊದ್ಲು ಇಳಿಯೂದು ಹೆಂಗೆ ನೋಡಿ ಹೆಗಡೇರೆ, ಹತ್ತೂದು ಆಮೇಲೆ." ಅರಬೈಲ್ ಘಾಟಿಯಲ್ಲಿ ಬಸ್ಸು ಹತ್ತದಿದ್ದರೆ ಬದಿಗೆ ನಿಲ್ಲಿಸಿ ಯಾರನ್ನಾದರೂ ಕರೆಯಬಹುದು. ಇಳಿಯುವಾಗ ಗಾಳಿ ಖಾಲಿಯಾದರೆ ಯೋಚನೆ ಮಾಡಲಿಕ್ಕೂ ಸಮಯ ಇರುವುದಿಲ್ಲ.

ಸೆಕೆಂಡ್ ಹ್ಯಾಂಡ್ ಇಂಜಿನ್ ನೋಡುವುದು ಹೇಗೆ?

ಬೆಳಿಗ್ಗೆ ಹೋಗಿ, ಹೇಳದೇ ಹೋಗಿ. ಬ್ಲಾಕ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ನಿಮಗಿಂತ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದಾರೆ. ಇನ್ನೊಂದು ದಿನ ಬರುತ್ತೇನೆ ಎನ್ನಿ. ತಣ್ಣಗಿರುವಾಗ ಎಷ್ಟು ಸೆಲ್ಫ್ ಹೊಡೆದರೆ ಹಿಡಿಯುತ್ತದೆ ಎಂಬುದು ಇಂಜಿನ್ನಿನ ಜಾತಕ.

ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಕಡ್ಡಿ ತೆಗೆದು ಎರಡು ಬೆರಳಲ್ಲಿ ಉಜ್ಜಿ. ಕಪ್ಪಗಿದ್ದರೆ ಚಿಂತೆ ಇಲ್ಲ, ಡೀಸೆಲ್ ಇಂಜಿನ್ ಆಯಿಲ್ ಕಪ್ಪೇ. ಹಾಲು ಹಾಕಿದ ಚಹಾದ ಬಣ್ಣ ಬಂದಿದ್ದರೆ ನೀರು ಸೇರಿದೆ. ರೇಡಿಯೇಟರ್ ನೀರಿನ ಮೇಲೆ ಬಣ್ಣದ ಪೊರೆ ತೇಲುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು.

ಬಿಸಿಯಾದ ಮೇಲೆ ಆಯಿಲ್ ತುಂಬುವ ಮುಚ್ಚಳ ತೆಗೆದು ಬಾಯಿಯ ಮೇಲೆ ತಲೆಕೆಳಗಾಗಿ ಇಡಿ. ಅಲ್ಲಾಡಿದರೆ ಪರವಾಗಿಲ್ಲ. ಕುಣಿದು ಕೆಳಗೆ ಬಿದ್ದು, ರೈಲಿನ ಹಾಗೆ ಹೊಗೆ ಉಗುಳಿದರೆ ಬ್ಯಾಕ್ ಕಂಪ್ರೆಶನ್ ಇದೆ, ಅಂದರೆ ಸಿಲಿಂಡರಿನ ಒತ್ತಡ ಕೆಳಗೆ ಸೋರುತ್ತಿದೆ, ಪಿಸ್ಟನ್ ರಿಂಗು ಮುಗಿದಿದೆ. ಆಯಿಲ್ ಪ್ರೆಶರ್ ಮೀಟರನ್ನು ಬಿಸಿ ಇಂಜಿನ್ನಿನಲ್ಲೇ ನೋಡಿ. ತಣ್ಣಗಿರುವಾಗ ಎಂಥ ಹಳೆ ಇಂಜಿನ್ನೂ ಒಳ್ಳೆ ಪ್ರೆಶರ್ ತೋರಿಸುತ್ತದೆ.

ಹೊಸ ಬಣ್ಣ ಹೊಡೆದ ಇಂಜಿನ್ನಿಗಿಂತ ಎಣ್ಣೆ ಜಿಡ್ಡು ಹಿಡಿದ ಇಂಜಿನ್ ನನಗಿಷ್ಟ. ಜಿಡ್ಡಿನಲ್ಲಿ ಎಲ್ಲಿ ಸೋರುತ್ತಿದೆ ಎಂದು ಕಾಣುತ್ತದೆ.

ಆರ್‌ಟಿಒದಲ್ಲಿ ಏನು ಮಾಡಬೇಕು?

ಇಂಜಿನ್ ಕೊಳ್ಳುವ ಮೊದಲೇ ಹೋಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂತಹ ಬದಲಾವಣೆಯ ಬಗ್ಗೆ ಹೇಳುತ್ತದೆ. ಮೊದಲು ಅನುಮತಿ ಪಡೆಯಬೇಕು. ಬದಲಾಯಿಸಿದ 14 ದಿನದೊಳಗೆ ತಿಳಿಸಿ, ಆರ್‌ಸಿಯಲ್ಲಿ ಹೊಸ ಇಂಜಿನ್ ನಂಬರ್ ಹತ್ತಿಸಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿ ಮಾಡಿದ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ ಎಂದು ಹೇಳಿದೆ. ಅದೇ ಮಾಡೆಲ್ ಇಂಜಿನ್ ಹಾಕಿಸುವುದಕ್ಕೆ ಇದೂ ಒಂದು ಕಾರಣ. ಬೇರೆ ಜಾತಿಯ ಇಂಜಿನ್ ಆದರೆ ಪ್ರಶ್ನೆಗಳು ಜಾಸ್ತಿ. ಮಂಚ, ಅಡುಗೆಕಟ್ಟೆ ಹಾಕಿದ ಬದಲಾವಣೆಯೂ ಆರ್‌ಸಿಯಲ್ಲಿ ಸರಿಯಾಗಿ ಇರಬೇಕು.

ಕೆಎ 30 ಆದರೆ ಕಾರವಾರ, 31 ಶಿರಸಿ, 47 ಹೊನ್ನಾವರ, 65 ದಾಂಡೇಲಿ. ಇಂಜಿನ್ ಮಾರುವವರಿಂದ ಬಿಲ್ಲು, ಅದು ಇಳಿದ ಗಾಡಿಯ ಆರ್‌ಸಿ ರದ್ದಾದ ಕಾಗದ ಕೇಳಿ ಪಡೆಯಿರಿ. ಬ್ಲಾಕಿನ ಮೇಲೆ ಕೊರೆದ ನಂಬರ್ ಉಜ್ಜಿದ ಹಾಗೆ ಕಂಡರೆ ಎಷ್ಟೇ ಅಗ್ಗವಾದರೂ ಮುಟ್ಟಬೇಡಿ. ಇನ್ಶೂರೆನ್ಸ್‌ನವರಿಗೂ ಬರವಣಿಗೆಯಲ್ಲಿ ತಿಳಿಸಿ.

ಹರಾಜಿನಲ್ಲಿ ಬಸ್ಸು ಹಿಡಿಯುವವರಿಗೆ ಒಂದು ಮಾತು. ಗುಜರಿ ಎಂದು ಮಾರಿದ, ನೋಂದಣಿ ರದ್ದಾದ ಬಸ್ಸನ್ನು ಮತ್ತೆ ರಸ್ತೆಗೆ ತರಬಹುದು ಎಂದು ನಂಬಿ ದುಡ್ಡು ಹಾಕಬೇಡಿ.

12 ವೋಲ್ಟಾ, 24 ವೋಲ್ಟಾ?

ಸೆಲ್ಫ್ ಮೋಟಾರ್ ಮತ್ತು ಆಲ್ಟರ್ನೇಟರ್ ಮೇಲಿನ ಪಟ್ಟಿ ಓದಿ. ಬಸ್ಸಿನದು ಒಂದು, ಇಂಜಿನ್ನಿನದು ಇನ್ನೊಂದಾದರೆ ಹಳೆ ಇಂಜಿನ್ನಿನ ಸಾಮಾನು ಇದಕ್ಕೆ ಕೂರುತ್ತದಾ ನೋಡಿ. ಲೈಟು, ಫ್ಯಾನಿನ ಬ್ಯಾಟರಿ ಬೇರೆಯೇ ಇರಲಿ.

ನಮ್ಮ ಮಳೆ, ಉಪ್ಪುಗಾಳಿಗೆ ಏನು ಎಚ್ಚರಿಕೆ?

ಮಳೆಗಾಲದಲ್ಲಿ ಅರ್ಧ ತುಂಬಿದ ಡೀಸೆಲ್ ಟ್ಯಾಂಕಿನ ಒಳಗೆ ಬೆವರು ಕಟ್ಟುತ್ತದೆ. ಆ ನೀರು ಪಂಪಿಗೆ ಹೋದರೆ ತುಕ್ಕು. ಬಸ್ಸು ನಿಲ್ಲಿಸಿಡುವ ಮೊದಲು ಟ್ಯಾಂಕ್ ತುಂಬಿಸಿ. ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ, ವಾರಕ್ಕೊಮ್ಮೆ ಅದರ ತಳದ ತಿರುಪು ಬಿಚ್ಚಿ ಗಾಜಿನ ಲೋಟಕ್ಕೆ ಹಿಡಿಯಿರಿ. ನೀರಿದ್ದರೆ ಲೋಟದ ತಳದಲ್ಲಿ ಗುಂಡಗೆ ಕೂರುತ್ತದೆ.

ಗಾಳಿ ಎಳೆಯುವ ಕೊಳವೆಯ ಬಾಯಿ ಎತ್ತರಕ್ಕಿರಲಿ. ರಸ್ತೆ ಮೇಲೆ ನೀರು ನಿಂತಾಗ ಒಂದು ಗುಟುಕು ಒಳಗೆ ಹೋದರೂ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರು ಕುಗ್ಗುವುದಿಲ್ಲವಲ್ಲ. ಸಮುದ್ರ ದಂಡೆಯಲ್ಲಿ ರಾತ್ರಿ ಕಳೆದು ಬಂದರೆ ರೇಡಿಯೇಟರ್ ಮುಖ, ಇಂಜಿನ್ ತಳದ ಆಯಿಲ್ ಚೇಂಬರಿನ ಹೊರಮೈ, ಅರ್ತ್ ವೈರಿನ ತುದಿಯನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿದ ಮೇಲೆ ವೈರಿನ ತುದಿಗೆ ಗ್ರೀಸ್ ಸವರಿ.

ಒಳಗೆ ಚೆಂದ ಮಾಡಿದ ಮೇಲೆ ಇಂಜಿನ್ ಬಿಸಿಯಾಗುತ್ತಿದೆ. ಯಾಕೆ?

ಡ್ರೈವರ್ ಪಕ್ಕದ ಬಾನೆಟ್ ಮೇಲೆ ದಪ್ಪ ಹಾಸು, ಅದರ ಮೇಲೆ ದಿಂಬು, ಕೆಳಗೆ ಸುತ್ತ ಪ್ಲೈವುಡ್. ಬಿಸಿಗಾಳಿ ಹೊರಗೆ ಹೋಗುವ ದಾರಿ ಮುಚ್ಚಿಹೋಗಿರುತ್ತದೆ. ಡೀಸೆಲ್ ಕೊಡುವ ಶಾಖದಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ರೇಡಿಯೇಟರ್ ಮೂಲಕವೇ ಹೊರಗೆ ಹೋಗಬೇಕು. ಬಾನೆಟ್ ಒಳಮೈಗೆ ಬೆಂಕಿ ಹಿಡಿಯದ ರಾಕ್‌ವೂಲ್ ಹಾಕಿಸಿ, ಕೆಳಗಿನ ದಾರಿ ಬಿಡಿಸಿ. ಫ್ಯಾನಿನ ಸುತ್ತ ಇರುವ ತಗಡನ್ನು ಬಹಳ ಜನ ಇಂಜಿನ್ ಬದಲಾಯಿಸುವಾಗ ಕಿತ್ತು ಮೂಲೆಗೆ ಇಡುತ್ತಾರೆ. ಅದನ್ನು ವಾಪಸ್ ಹಾಕಿಸಿಯೇ ಗ್ಯಾರೇಜಿನಿಂದ ಹೊರಡಿ.

ದುಡ್ಡು ಎಷ್ಟು ಎತ್ತಿಡಬೇಕು?

ನನಗೆ ಎರಡನೇ ಸಲ ಇಂಜಿನ್ನಿಗೆ ಕೊಟ್ಟಷ್ಟೇ ದುಡ್ಡು ಸುತ್ತಮುತ್ತಲಿನದಕ್ಕೂ ಹೋಯಿತು. ಅದೇ ಮಾಡೆಲ್ ಹಾಕಿಸಿಯೂ ಹಾಗಾಯಿತು. ಮೌಂಟಿಂಗ್ ರಬ್ಬರ್, ಹೋಸ್, ಕ್ಲಚ್ ಪ್ಲೇಟ್, ರೇಡಿಯೇಟರ್ ಕ್ಲೀನಿಂಗ್, ಆಯಿಲ್, ಕ್ರೇನ್, ಕೂಲಿ. ಇಂಜಿನ್ ಹೊರಗೆ ಇರುವಾಗಲೇ ಕ್ಲಚ್ ಹೊಸದು ಹಾಕಿಸಿ. ಆಮೇಲೆ ಹಾಕಿಸಿದರೆ ಕೂಲಿ ಎರಡು ಸಲ.

ಕೂರಿಸಿದ ಮೇಲೆ ಮೊದಲ ದಿನಗಳಲ್ಲಿ ಏನು ಮಾಡಬೇಕು?

ಮೊದಲು ಬಯಲು ರಸ್ತೆ, ಆಮೇಲೆ ಘಾಟಿ. ನಾವು ಶಿರಸಿಯಿಂದ ಬನವಾಸಿ ಕಡೆ ನಾಲ್ಕಾರು ಸಲ ಹೋಗಿ ಬಂದೆವು. ಪ್ರತಿ ಸಲ ಬಂದ ಮೇಲೆ ಕೆಳಗೆ ರಟ್ಟು ಹಾಸಿ, ಬೆಳಿಗ್ಗೆ ಎಲ್ಲಿ ಹನಿ ಬಿದ್ದಿದೆ ಎಂದು ನೋಡುತ್ತಿದ್ದೆವು. ಓವರ್‌ಹಾಲ್ ಆದ ಇಂಜಿನ್ ಆದರೆ ಮೊದಲ ಆಯಿಲನ್ನು ಬೇಗ ಬದಲಿಸಿ. ಹೊಸ ರಿಂಗಿನ ಪುಡಿ ಅದರಲ್ಲಿರುತ್ತದೆ. ಟರ್ಬೊ ಇದ್ದರೆ ಏರು ಹತ್ತಿ ಬಂದ ಕೂಡಲೇ ಆಫ್ ಮಾಡಬೇಡಿ, ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಡಿ.

ಮೊದಲ ಘಾಟಿಗೆ ಖಾಲಿ ಬಸ್ಸು, ಜೊತೆಗೆ ಮೇಸ್ತ್ರಿ. ಇಳಿಯುವ ಮೊದಲು ಮೇಲೆಯೇ ನಿಲ್ಲಿಸಿ, ಗಾಳಿ ಮೀಟರ್ ನೋಡುತ್ತಾ ಬ್ರೇಕನ್ನು ಹತ್ತು ಸಲ ಒತ್ತಿ ಬಿಡಿ. ಮುಳ್ಳು ಎಷ್ಟು ಇಳಿಯಿತು, ಮತ್ತೆ ಮೇಲೆ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಟ್ಟುಕೊಳ್ಳಿ. ಘಾಟಿಯ ಕೆಳಗಿನ ಕತಗಾಲ ಮುಟ್ಟಿದ ಮೇಲೆ ಇಳಿದು ಚಕ್ರದ ಡ್ರಮ್ಮಿನ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ನಾಲ್ಕೂ ಕಡೆ ಶಾಖ ಒಂದೇ ಥರ ಬರುತ್ತಿರಬೇಕು. ಮನೆಗೆ ಬಂದು ಇಂಜಿನ್ ಮೌಂಟಿಂಗ್ ಬೋಲ್ಟುಗಳಿಗೆ ಮತ್ತೊಮ್ಮೆ ಸ್ಪ್ಯಾನರ್ ಹಾಕಿ. ನಮ್ಮದರಲ್ಲಿ ನಾಲ್ಕರಲ್ಲಿ ಎರಡು ಅರ್ಧ ಸುತ್ತು ಸಡಿಲಾಗಿದ್ದವು.